ಇಂಗ್ಲಿಷ್ ಪೊಲೀಸಜ್ಜನಿಗೆ ಎಡೆ

ಕೆಲವರಿಗೆ ಹುಡುಕಿದರೂ ನಗುವ ವಿಷಯ ಸಿಗುವುದಿಲ್ಲವಂತೆ. ನನಗೆ ಆ ಕಷ್ಟವಿಲ್ಲ. ಮೈಸೂರಿನಿಂದ ಅಮ್ಮ ಬಂದು ನನ್ನ ಜೊತೆಗಿದ್ದರೆ ಸಾಕು, ಫಜೀತಿಗಳು ಪೋಸ್ಟ್‌ಕೋಡ್ ಕೇಳಿಕೊಂಡು ಮನೆಗೇ ಬರುತ್ತವೆ.

ನನ್ನ ಕೆಲಸ ಇಂಗ್ಲೆಂಡಿನಲ್ಲಿ, ಬರ್ಚ್‌ವುಡ್‌ನ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ, ಮನೆ ಡಿಡ್ಸ್‌ಬರಿಯಲ್ಲಿ, ಗಂಡ ಲೀಡ್ಸ್ ಕಡೆಯ ಇಂಗ್ಲಿಷಿನವನು. ಅತ್ತೆಗೆ ಎಂಬತ್ತು ತುಂಬುವುದರಲ್ಲಿತ್ತು. ನೂರು ವರ್ಷದ ಹಿಂದೆ ಅಲ್ಲೇ ಹತ್ತಿರದ ಒಂದು ಸಣ್ಣ ಪಟ್ಟಣದಲ್ಲಿ ಅವರ ಅಜ್ಜ ಪೊಲೀಸ್ ಆಗಿದ್ದರು. ಹುಟ್ಟುಹಬ್ಬದ ದಿನ ಅಜ್ಜನ ಉದ್ದ ಕೋಟನ್ನು ಒಂದು ಪೊಲೀಸ್ ಮ್ಯೂಸಿಯಮ್ಮಿಗೆ ಕೊಡಬೇಕು, ಪಕ್ಕದಲ್ಲಿ ಅವರ ಬಗ್ಗೆ ನಾಲ್ಕು ಒಳ್ಳೆಯ ಸಾಲು ಇರಬೇಕು ಎಂಬುದು ಅತ್ತೆಯ ಆಸೆ. ತೊಡಕು ಒಂದೇ. ಅಜ್ಜ ಸಾರ್ಜೆಂಟ್ ಆಗಿ, ಆಮೇಲೆ ಮತ್ತೆ ಕಾನ್‌ಸ್ಟೇಬಲ್ ಆಗಿದ್ದರು. ಯಾಕೆಂದು ಯಾರಿಗೂ ಗೊತ್ತಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿರುವ ಅತ್ತೆಯ ತಮ್ಮ ಮಾತ್ರ ಪ್ರತಿ ಕ್ರಿಸ್‌ಮಸ್ ಊಟದಲ್ಲೂ, "ಇನ್ಯಾಕೆ? ಕುಡಿದು ಸಿಕ್ಕಿಬಿದ್ದಿರ್ತಾರೆ" ಅನ್ನುತ್ತಿದ್ದರು.

"ಜೀವಮಾನವೆಲ್ಲ ಅಜ್ಜನ ಪರ ವಾದ ಮಾಡಿದ್ದೀನಿ. ಇವನ ಎದುರು ಸೋತು ಸಾಯೋಕೆ ನನಗಿಷ್ಟ ಇಲ್ಲ" ಎಂದು ಅತ್ತೆ ನನ್ನ ಕೈ ಹಿಡಿದುಕೊಂಡರು. ಸೊಸೆ ಸೊಂಟ ಕಟ್ಟಿದಳು. ಸೊಸೆಯ ಅಮ್ಮನೂ ಕಟ್ಟಿದಳು.

ದಿಂಬು

ಮೊದಲು ಹೋದದ್ದು ಹಳೆಯ ದಾಖಲೆ ಇಡುವ ಕಚೇರಿಗೆ. ಅಲ್ಲಿ ಮಡಿ ಜಾಸ್ತಿ. ಪೆನ್ನು ಒಳಗೆ ಬರಬಾರದು, ಪೆನ್ಸಿಲ್ ಮಾತ್ರ. ನೀರಿನ ಬಾಟಲಿ ಬರಬಾರದು. ಅಮ್ಮನ ಚಕ್ಕುಲಿ ಡಬ್ಬಿಯಂತೂ ಲಾಕರಿಗೆ ಹೋಗುವ ಮೊದಲು ತವರು ಬಿಡುವ ಹುಡುಗಿಯಂತೆ ಎರಡು ಸಲ ಹಿಂದಕ್ಕೆ ಬಂತು.

ಅಲ್ಲಿನ ಹೆಂಗಸು ಪೊಲೀಸ್ ಇಲಾಖೆಯ ಹಳೆಯ ದಪ್ಪ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಮೇಜಿನ ಮೇಲೆ ಮೆತ್ತನೆಯ ದಿಂಬು ಹಾಸಿ, ಅದರ ಮೇಲೆ ಮಲಗಿಸಿದಳು. ಅಮ್ಮ ನೋಡುತ್ತಲೇ ಇದ್ದಳು.

"ಪುಸ್ತಕಕ್ಕೆ ದಿಂಬು. ಎಪ್ಪತ್ತು ದಾಟಿದ ನನಗೆ ಮರದ ಕುರ್ಚಿ."

ನಾನು ನಗುತ್ತಾ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಪುಣ್ಯಾತ್ಗಿತ್ತಿ ಒಳಗೆ ಹೋಗಿ ಇನ್ನೊಂದು ದಿಂಬು ತಂದು ಅಮ್ಮನ ಬೆನ್ನಿಗೆ ಕೊಟ್ಟಳು. ನಾನು ಅಜ್ಜನ ಹೆಸರು ಹುಡುಕಿ ಓದುವಷ್ಟರಲ್ಲಿ ಅಮ್ಮನ ಗೊರಕೆ ಶುರುವಾಗಿತ್ತು. ಪುಸ್ತಕದಲ್ಲಿ ಇದ್ದದ್ದು ಇಷ್ಟೇ: ಗಸ್ತಿನ ಬೀಟ್ ಬಿಟ್ಟು ಹೋಗಿದ್ದಕ್ಕಾಗಿ ತೋಳಿನ ಸಾರ್ಜೆಂಟ್ ಪಟ್ಟಿ ಕಿತ್ತುಕೊಳ್ಳಲಾಗಿದೆ. ಎಲ್ಲಿಗೆ ಹೋಗಿದ್ದರು ಅನ್ನುವುದಿಲ್ಲ. ಬರ್ಮಿಂಗ್‌ಹ್ಯಾಮ್ ಮಾವನಿಗೆ ಇದು ಗೊತ್ತಾದರೆ ಪಬ್ಬಿಗೇ ಅನ್ನುತ್ತಾರೆ, ಅತ್ತೆಗೆ ಏನು ಹೇಳಲಿ ಎಂದು ನನಗೆ ಸಂಕಟವಾಯಿತು.

ಆ ಹೆಂಗಸು ಬಂದು, "ಮುಗಿಯಿತೇ? ತೆಗೆದುಕೊಂಡು ಹೋಗಲೇ?" ಎಂದು ಪಿಸುಗುಟ್ಟಿದಳು.

"ಪುಸ್ತಕ ತಗೊಂಡು ಹೋಗಿ. ದಿಂಬು ಇನ್ನೂ ಸ್ವಲ್ಪ ಹೊತ್ತು ಬೇಕು" ಅಂದೆ.

ಲಾಕಪ್ಪಿನಲ್ಲಿ ಊಟ

ಅಜ್ಜ ಕೆಲಸ ಮಾಡಿದ ಪೊಲೀಸ್ ಠಾಣೆಯನ್ನಾದರೂ ನೋಡೋಣ ಎಂದು ಅತ್ತೆಯನ್ನೂ ಕರೆದುಕೊಂಡು ಹೋದೆವು. ಕಟ್ಟಡ ಹಾಗೇ ಇದೆ, ಒಳಗೆ ಮಾತ್ರ ಇಂಡಿಯನ್ ರೆಸ್ಟೋರೆಂಟು. ಹಾಲ್ ಭರ್ತಿ. ಹಳೆಯ ಲಾಕಪ್ ಕೋಣೆಯಲ್ಲಿ ಒಂದು ಟೇಬಲ್ ಖಾಲಿಯಿತ್ತು.

"ನಮ್ಮ ವಂಶದಲ್ಲಿ ಯಾರೂ ಲಾಕಪ್ ಹೊಸ್ತಿಲು ತುಳಿದಿಲ್ಲ" ಎಂದು ಅಮ್ಮ ಬಾಗಿಲಲ್ಲೇ ನಿಂತಳು. ಅಡುಗೆಮನೆಯಿಂದ ಒಗ್ಗರಣೆ ವಾಸನೆ ಬಂತು. ವಂಶದ ಮರ್ಯಾದೆ ಒಳಗೆ ಹೋಗಿ ಕೂತಿತು.

ಅತ್ತೆಗೆ ಫೋಟೋ ಬೇಕಂತೆ ಎಂದು ವೇಟರ್ ಹುಡುಗ ಉತ್ಸಾಹದಿಂದ ಕಂಬಿಯ ಬಾಗಿಲು ಎಳೆದು ಹಾಕಿದ. ಅದು ಸಿಕ್ಕಿಕೊಂಡಿತು. ಅವನು ಎಣ್ಣೆ ತರಲು ಓಡಿದ. ಅದೇ ಗಳಿಗೆಯಲ್ಲಿ ಮೈಸೂರಿನಿಂದ ದೊಡ್ಡಮ್ಮನ ವಿಡಿಯೋ ಕಾಲ್. ಅಮ್ಮ ಫೋನ್ ಎತ್ತಿದಳು. ಹಿಂದೆ ಕಬ್ಬಿಣದ ಕಂಬಿ, ಪಕ್ಕದಲ್ಲಿ ಕಂಬಿ ಹಿಡಿದು ನಿಂತ ಅತ್ತೆ.

ದೊಡ್ಡಮ್ಮ ಕಿರುಚಿದರು: "ವೀಸಾ ಮುಗಿದುಹೋಯ್ತೇನೇ? ಬೀಗಿತ್ತೀನೂ ಹಿಡ್ಕೊಂಡ್ ಬಂದಿದಾರಲ್ಲೇ!"

ಎಡೆ

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅವತ್ತು ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಕೊಂಡವರ ಫೋಟೋ ಮುಂದೆ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕೂರುವುದು. ಅವರು ಬಂದು ಉಂಡು ಹೋಗುತ್ತಾರೆಂದು ನಂಬಿಕೆ.

"ಇಷ್ಟು ದಿನದಿಂದ ಆ ಪೊಲೀಸಜ್ಜನ್ನ ಹುಡುಕ್ತಾ ಇದೀವಿ, ಕರೆದು ಒಂದು ಎಲೆ ಹಾಕೋದು ಬೇಡ್ವಾ?" ಅಂದಳು ಅಮ್ಮ. ಅತ್ತೆಗೆ ಎಲ್ಲಿಲ್ಲದ ಸಂತೋಷ. ಅವರ ಮನೆಯಲ್ಲೇ ಅಜ್ಜನ ಫೋಟೋಗೆ ಹೂವು ಬಿತ್ತು, ಮುಂದೆ ಫ್ರೀಜರಿನಿಂದ ಎದ್ದುಬಂದ ಬಾಳೆಎಲೆ, ಪಕ್ಕದಲ್ಲಿ ಬಟ್ಟೆಯ ಬದಲು ಅಜ್ಜನ ಅದೇ ಕೋಟು.

"ಅವರಿಗೇನಿಷ್ಟ ಕೇಳು. ಬೀಡಿ ಸೇದೋರಿಗೆ ಬೀಡಿ, ಕುಡಿಯೋರಿಗೆ ಬ್ರಾಂದಿ. ಹಿರಿಯರ ಹತ್ರ ಮುಚ್ಚುಮರೆ ಇಲ್ಲ" ಅಂದಳು ಅಮ್ಮ.

ಬರ್ಮಿಂಗ್‌ಹ್ಯಾಮ್ ಮಾವನೂ ಬಂದಿದ್ದರು. ಇದನ್ನು ಕೇಳಿದ್ದೇ ತಡ, ವಿಸ್ಕಿ ಬಾಟಲಿ ತಂದರು. "ಅದು ಎಲೆಯ ಹತ್ತಿರ ಬಂದರೆ ನೀನು ನನ್ನ ತಮ್ಮನೇ ಅಲ್ಲ" ಎಂದು ಅತ್ತೆ ಅಡ್ಡ ನಿಂತರು. "ಸಾಕ್ಷಿ ಸಿಗೋವರೆಗೂ ಟೀ" ಎಂದು ಅಮ್ಮ ತೀರ್ಪು ಕೊಟ್ಟಳು. ಟೀ ಬಂದದ್ದು ಜಿಂಕೆಯ ತಲೆ ಕೆತ್ತಿದ ಬೆಳ್ಳಿಯ ಟೀಪಾಟಿನಲ್ಲಿ. ಪೊಲೀಸಜ್ಜನ ಹೆಂಡತಿ ಮದುವೆಗೆ ಮೊದಲು ಊರಿನ ಗಿರಣಿ ಮಾಲೀಕರ ಮನೆಯಲ್ಲಿ ಅಡುಗೆಯವಳಾಗಿದ್ದಳು. ಅವಳ ಮದುವೆಗೆ ಆ ಮನೆಯವರು ಕೊಟ್ಟ ಉಡುಗೊರೆ ಅದು.

ಆಮೇಲೆ ಶುರುವಾದದ್ದು ಚಮಚದ ಜಗಳ. ಅಜ್ಜ ಕೈಯಲ್ಲಿ ತಿಂದವರಲ್ಲ, ಎಲೆಯ ಪಕ್ಕ ಒಂದು ಚಮಚ ಬೇಕು ಎಂದು ಅತ್ತೆ. "ಎಡೆಗೆ ಚಮಚ ಇಡೋ ಪದ್ಧತಿ ನಮ್ಮಲ್ಲಿಲ್ಲ" ಎಂದು ಅಮ್ಮ. ಇಬ್ಬರ ನಡುವೆ ದುಭಾಷಿಯಾಗಿ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಕೊನೆಗೆ ಅಮ್ಮನೇ ಗೆದ್ದಳು. ಅತ್ತೆ ಮುಖ ಊದಿಸಿಕೊಂಡು ಹೊರಗೆ ಬಂದು ಕೂತರು.

ಬಾಗಿಲು ತೆರೆದಾಗ ಎಲೆಯಲ್ಲಿ ಎರಡು ವಡೆ ಇರಲಿಲ್ಲ. ಅತ್ತೆಯ ಕಣ್ಣು ತುಂಬಿತು. "ಬಂದಿದ್ದರು" ಅಂದರು. ಹಿಂಬಾಗಿಲ ಕಡೆಯಿಂದ ಬರ್ಮಿಂಗ್‌ಹ್ಯಾಮ್ ಮಾವ ಬೆರಳು ಒರೆಸಿಕೊಳ್ಳುತ್ತಾ ಬಂದು, "ಆ ಡೋನಟ್ ಯಾಕೆ ಅಷ್ಟು ಖಾರ?" ಎಂದು ಕೇಳಿದರು.

ಅಮ್ಮ ನನ್ನ ಕಡೆ ತಿರುಗಿದಳು. "ನೋಡಿದ್ಯಾ? ಚಮಚ ಬೇಕಾಯ್ತಾ?"

ಜೇಬು

ಹುಟ್ಟುಹಬ್ಬದ ದಿನ ಎಲ್ಲರೂ ಮ್ಯೂಸಿಯಮ್ಮಿಗೆ ಹೋದೆವು. ಅಲ್ಲಿ ನೋಡಿಕೊಳ್ಳುವವರು ಒಬ್ಬ ನಿವೃತ್ತ ಪೊಲೀಸ್, ಬಿಳಿ ಮೀಸೆ, ಬಿಳಿ ಕೈಗವಸು. ಕೋಟಿನ ತೋಳು ತೋರಿಸಿದರು. ಪಟ್ಟಿ ಕಿತ್ತ ಜಾಗ ಇನ್ನೂ ಕಪ್ಪಾಗಿ ಕಾಣುತ್ತಿತ್ತು. "ಇದಕ್ಕೆ ಕಾರಣ ಏನೆಂದು ಬರೆಯಲಿ?" ಎಂದು ಕೇಳಿದರು.

ಬರ್ಮಿಂಗ್‌ಹ್ಯಾಮ್ ಮಾವ ಗಂಟಲು ಸರಿಮಾಡಿಕೊಂಡರು. ಪುಸ್ತಕದಲ್ಲಿದ್ದದ್ದನ್ನು ನಾನು ಅತ್ತೆಗೆ ಹೇಳಿದ್ದೆ. ಅವರು ತಮ್ಮನನ್ನು ಮಾತಾಡಲು ಬಿಡಲಿಲ್ಲ. "ಬೀಟ್ ಬಿಟ್ಟು ಹೋದರು ಅಂತಲೇ ಬರೆಯಿರಿ. ಎಲ್ಲಿಗೆ ಅನ್ನೋದು ನನಗೆ ಗೊತ್ತಾಗಲೇ ಇಲ್ಲ" ಎಂದು ಕೋಟನ್ನು ಮುಂದೆ ಚಾಚಿದರು. ನನಗೆ ಅಳು ಬಂತು.

"ತಡೀರಿ ತಡೀರಿ" ಅಂದಳು ಅಮ್ಮ. "ಜೇಬು ನೋಡಿದ್ರಾ?"

ಅಪ್ಪನ ಪಾಸ್‌ಪೋರ್ಟು ಒಮ್ಮೆ ಪ್ಯಾಂಟಿನ ಜೊತೆ ವಾಷಿಂಗ್ ಮೆಷೀನಿಗೆ ಹೋಗಿ ಬಂದಾಗಿನಿಂದ ಅಮ್ಮ ಜೇಬು ತಡಕದೆ ಯಾವ ಬಟ್ಟೆಯನ್ನೂ ಯಾರ ಕೈಗೂ ಕೊಟ್ಟವಳಲ್ಲ. ಕೈಗವಸಿನವರು ಅಯ್ಯೋ ಅನ್ನುವಷ್ಟರಲ್ಲಿ ಅವಳ ಕೈ ಕೋಟಿನ ಒಳಗಿತ್ತು. ಮೊದಲು ಹೊರಗಿನ ಜೇಬು, ಆಮೇಲೆ ಒಳಗಿನದು, ಆಮೇಲೆ ಬಗಲ ಹತ್ತಿರ ಬಟ್ಟೆಯನ್ನು ಒತ್ತಿ ನೋಡಿ ನಿಂತಳು.

"ಇಲ್ಲೊಂದು ಕಳ್ಳಜೇಬಿದೆ."

ಅಜ್ಜನ ಕೋಟು ಮುಟ್ಟಬಾರದು ಎಂದೇ ಬೆಳೆದ ಆ ಮನೆಯಲ್ಲಿ ಯಾರೂ ಅಲ್ಲಿ ಕೈ ಹಾಕಿರಲಿಲ್ಲ. ಸಣ್ಣ ಹೊಲಿಗೆ, ಒಳಗೆ ಮೇಣದ ಬಟ್ಟೆಯ ಲೈನಿಂಗ್, ಅದರ ತುಂಬ ಹಳೆಯ ಜಿಡ್ಡಿನ ಕಲೆ. ತಳದಲ್ಲಿ ಒಂದು ಬೆಳ್ಳಿಯ ಚಮಚ. ಹಿಡಿಯ ಮೇಲೆ ಜಿಂಕೆಯ ತಲೆ.

ಅತ್ತೆ ಚಮಚ ನೋಡಿದರು, ನಮ್ಮನ್ನು ನೋಡಿದರು. "ನನ್ನ ಟೀಪಾಟಿನ ಜಿಂಕೆ! ಅಜ್ಜಿ ಅಡುಗೆ ಮಾಡ್ತಿದ್ದ ಮನೆಯ ಗುರುತು!"

ಬಿಳಿ ಮೀಸೆಯವರು ನಗತೊಡಗಿದರು. "ನನ್ನ ಕಾಲದಲ್ಲೂ ಹೀಗೇ ಇತ್ತು ಮೇಡಂ. ಚಳಿಯಲ್ಲಿ ಸುತ್ತುವ ಪೊಲೀಸರಿಗೆ ಎಲ್ಲಿ ಅಡುಗೆಮನೆ ಬಾಗಿಲು ತೆರೆಯುತ್ತದೋ ಅಲ್ಲೇ ಬೀಟ್ ಮುಗಿಯುತ್ತದೆ. ಪಬ್ಬಿನಲ್ಲಿ ಬೆಳ್ಳಿ ಚಮಚ ಕೊಡುವುದಿಲ್ಲ. ನಿಮ್ಮಜ್ಜ ಕುಡಿಯಲು ಹೋದವರಲ್ಲ, ಪುಡಿಂಗ್ ತಿನ್ನಲು ಹೋದವರು."

ಬರ್ಮಿಂಗ್‌ಹ್ಯಾಮ್ ಮಾವ ತಲೆ ಕೆರೆದುಕೊಂಡರು. "ಒಂದು ಪುಡಿಂಗಿಗೆ ಸಾರ್ಜೆಂಟ್ ಪಟ್ಟಿ ಕಳೆದುಕೊಂಡರೇ?"

"ಕಳೆದುಕೊಂಡರು, ನನ್ನಜ್ಜಿಯನ್ನ ಪಡೆದುಕೊಂಡರು" ಅಂದರು ಅತ್ತೆ. ಅಳುತ್ತಿದ್ದರೋ ನಗುತ್ತಿದ್ದರೋ ಹೇಳಲಾರೆ, ಆದರೆ ಅವರನ್ನು ಅಷ್ಟು ಸಂತೋಷವಾಗಿ ನಾನು ಮದುವೆಯಾದಾಗಲೂ ನೋಡಿರಲಿಲ್ಲ. "ಬರೀರಿ! ಬೀಟ್ ಬಿಟ್ಟು ಅಡುಗೆಮನೆಗೆ ಹೋದರು ಅಂತ ದೊಡ್ಡದಾಗಿ ಬರೀರಿ!"

ಎಲ್ಲರೂ ನಗುತ್ತಿದ್ದರೆ ಅಮ್ಮ ಮಾತ್ರ ಚಮಚವನ್ನು ಸೆರಗಿನಲ್ಲಿ ಒರೆಸುತ್ತಾ ಯೋಚನೆ ಮಾಡುತ್ತಿದ್ದಳು. ಆಮೇಲೆ ನನ್ನನ್ನು ಹತ್ತಿರ ಕರೆದಳು.

"ಅವತ್ತು ಎಡೆಗೆ ಚಮಚ ಇಡಲಿಲ್ಲ ಅಂತ ನಿಮ್ಮತ್ತೆ ಮುಖ ಊದಿಸ್ಕೊಂಡಿದ್ರಲ್ಲ, ಈಗ ಹೇಳು ಅವರಿಗೆ. ಕೋಟು ಎಲೆ ಪಕ್ಕದಲ್ಲೇ ಇತ್ತು. ಅಜ್ಜ ಅವರ ಚಮಚ ಅವರೇ ತಂದಿದ್ರು!"