ಚರಂಡಿಗೆ ಹಚ್ಚಿದ ರೇಷ್ಮೆ ಕ್ರೀಮು

ನನ್ನ ಸೋದರತ್ತೆಗೆ ರೇಷ್ಮೆಯ ವಿಷಯ ಗೊತ್ತಿರುವಷ್ಟು ರೇಷ್ಮೆಹುಳಕ್ಕೂ ಗೊತ್ತಿಲ್ಲ! ಇದು ನಾನು ಹೇಳಿದ್ದಲ್ಲ. ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಕೂತು ಅವರೇ ಹೇಳಿಕೊಂಡದ್ದು.

ನೂಲು ಸುತ್ತುವುದು ಅವರ ಕೆಲಸ. ಮೊದಲೇ ಒರಟಾಗಿದ್ದ ಬೆರಳುಗಳು ಈ ಚಳಿಗೆ ಎಷ್ಟು ಬಿರಿದವೆಂದರೆ, ಎಳೆಗಳು ಬಿರುಕಿಗೆ ಸಿಕ್ಕಿ ಪಟಪಟ ಹರಿಯತೊಡಗಿದವು.

"ಸಾಕು, ಇನ್ನು ರಾಟೆ ಸೊಸೆಗೆ ಕೊಡು," ಎಂದರು ಮಾವ.

ಅತ್ತೆಯ ಕೈಯಿಂದ ರಾಟೆ ಬಿಡಿಸುವುದೇ! ಉಸಿರು ಬಿಡು ಎಂದಿದ್ದರೆ ಬಿಡುತ್ತಿದ್ದರೇನೋ. ಮೂರು ದಿನ ಸರಿಯಾಗಿ ಊಟವಿಲ್ಲ.

ಚಳ್ಳಕೆರೆಯಲ್ಲಿರುವ ನಾನು ಅವರಿಗೆ ಒಂದು ಕ್ರೀಮ್ ಒಯ್ದೆ. ಕನ್ನಡಕ ಏರಿಸಿ ಡಬ್ಬಿ ಓದಿ, "ಇದ್ರಾಗೆ ರೇಷ್ಮೆ ಗೋಂದು ಐತಂತೆ ಅತ್ತೆ," ಎಂದೆ.

ಅತ್ತೆ ಡಬ್ಬಿ ಕಿತ್ತುಕೊಂಡು ಮೂಸಿದರು. "ಯಾವ್ದು? ನೂಲು ಕುದ್ಸಿ ಚರಂಡಿಗೆ ಚೆಲ್ತೀವಲ್ಲ, ಅದಾ?"

"ಅದೇ."

"ದೇವುಡಾ! ನಲವತ್ತು ವರ್ಷ ಚರಂಡಿಗೆ ಕ್ರೀಮ್ ಹಚ್ಚಿದ್ನಲ್ಲೇ!"

ಡಬ್ಬಿ ನನ್ನ ಕೈಗೇ ವಾಪಸು ಬಂತು. ಮನೆಯಲ್ಲೇ ಬಕೆಟ್ಟುಗಟ್ಟಲೆ ಇರುವುದನ್ನು ಅಂಗಡಿಯಿಂದ ತರುವ ದಡ್ಡಿ ನಾನೊಬ್ಬಳೇ ಅಂತೆ!

ನಾಲ್ಕನೆಯ ದಿನ ಮಾವನ ಫೋನು. "ನಿಮ್ಮತ್ತೆ ಕೈ ಸುಟ್ಟ ಬದ್ನೇಕಾಯಿ ಆಗೈತೆ ಕಣಮ್ಮ. ನನ್ನ ಹಿಮ್ಡೀನೂ ಬಿಟ್ಟಿಲ್ಲ!"

ನೂಲು ಕುದಿಸಿದ ನೀರನ್ನು ಆರಿಸಿ, ಹೊತ್ತುಹೊತ್ತಿಗೆ ಕೈ ಅದ್ದಿ, ಮಾವನ ಒಡೆದ ಹಿಮ್ಮಡಿಗೂ ಹಚ್ಚಿದ್ದಾರೆ. ನೂಲಿನ ಗೋಂದು ಬಿಡಲೆಂದು ಅದಕ್ಕೆ ಸೋಪು, ಸೋಡಾ ಸುರಿದದ್ದೂ ಇದೇ ಮಹಾತಾಯಿ! ಚಳ್ಳಕೆರೆಗೆ ಕರೆಸಿ ಚರ್ಮದ ಡಾಕ್ಟರ ಮುಂದೆ ಕೂರಿಸಿದೆ.

ಡಾಕ್ಟರು ಸಹನೆಯಿಂದ ಹೇಳಿದರು: "ಗೋಂದು ನಿಜ ಅಮ್ಮ. ಆದ್ರೆ ಅದನ್ನ ಶುದ್ಧ ಮಾಡಿ, ನೀರಲ್ಲಿ ಕರಗೋ ಹಾಗೆ ಸಣ್ಣಸಣ್ಣಗೆ ತುಂಡು ಮಾಡಿರ್ತಾರೆ. ಚರ್ಮದ ಮೇಲೆ ತೆಳ್ಳಗೆ ಪದರ ಕಟ್ಟಿ, ಒಳಗಿನ ತೇವ ಹೊರಗೆ ಹೋಗೋದನ್ನ ಕಡಿಮೆ ಮಾಡುತ್ತೆ. ನಿಮ್ಮ ಸೋಡಾ ನೀರು ಇದ್ದ ಜಿಡ್ಡನ್ನೂ ತೆಗೀತು."

"ಅಂದ್ರೆ ಚರ್ಮಕ್ಕೆ ರೇಷ್ಮೆ ಸೀರೆ ಉಡ್ಸೋದು ಅನ್ರಿ!"

"ಹೆಚ್ಚುಕಮ್ಮಿ ಹಾಗೇ."

"ಹಂಗಂತ ಡಬ್ಬಿ ಮ್ಯಾಲೆ ಬರೀಬಾರ್ದೇನ್ರಿ?"

ಮೊದಲು ಉರಿಗೆ ಮುಲಾಮು, ಅದು ಮಾಯ್ದ ಮೇಲೆ ಕ್ರೀಮು. ಎರಡು ತಿಂಗಳ ಮೇಲೆ ನಾನು ಮೊಳಕಾಲ್ಮೂರಿಗೆ ಹೋದಾಗ ಅತ್ತೆ ರಾಟೆಯ ಮುಂದೆ ರಾಣಿಯ ಹಾಗೆ ಕೂತಿದ್ದರು. ಒಂದೆಳೆಯೂ ಹರಿಯಲಿಲ್ಲ. ಮಾವ ತೆಪ್ಪಗೆ ಕಾಫಿ ತಂದಿಟ್ಟರು!

ಹೊರಟಾಗ ಅತ್ತೆ ನನ್ನ ಕೆನ್ನೆಯನ್ನು ಅಂಗೈಯಿಂದ ಸವರಿದರು. ಬೆಚ್ಚಿಬಿದ್ದೆ. ಹುಟ್ಟಿದಾಗಿನಿಂದ ನಮ್ಮನ್ನೆಲ್ಲ ಅವರು ಮುಟ್ಟಿದ್ದು ಕೈಯ ಹಿಂಬದಿಯಿಂದ ಮಾತ್ರ. ಅದೊಂದು ಬಿಂಕ ಎಂದೇ ನಾವು ನಗುತ್ತಿದ್ದೆವು.

"ಚುಚ್ತೈತಾ ತಾಯಿ?" ಎಂದು ಕೇಳಿದರು.

ಇಲ್ಲವೆಂದು ತಲೆಯಾಡಿಸಿದೆ. ಅವರು ಇನ್ನೊಂದು ಕೆನ್ನೆಯನ್ನೂ ಸವರಿದರು.