ನಾನು ಆರಿಸದ ವಿಂಟರ್ ಟೈರು

ಹೆದರುಪುಕ್ಕಲರ ಕೈಗೆ ಹೆಚ್ಚು ಮಾಹಿತಿ ಕೊಡಬಾರದು. ಇದು ನನ್ನನ್ನೇ ನೋಡಿ ಹೇಳುವ ಮಾತು. ಡಾಕ್ಟರು ಕೊಟ್ಟ ಮಾತ್ರೆಯ ಡಬ್ಬಿಯೊಳಗಿನ ಚೀಟಿಯನ್ನು ನಾನು ಪೂರ್ತಿ ಓದುತ್ತೇನೆ. ಮಾತ್ರೆ ನುಂಗುವ ಮೊದಲೇ ಅದರ ಅಡ್ಡಪರಿಣಾಮಗಳೆಲ್ಲ ಶುರುವಾಗಿರುತ್ತವೆ. ಇಂಥ ನಾನು ಮೂವತ್ತಾರನೆಯ ವಯಸ್ಸಿನಲ್ಲಿ ಲೈಸೆನ್ಸ್ ಪಡೆದು ಜರ್ಮನಿಯ ಆಟೋಬಾನ್ ಎಂಬ ಹೈವೇಗೆ ಇಳಿದೆ ಎಂದರೆ ಅದಕ್ಕೆ ಕಾರಣ ಧೈರ್ಯವಲ್ಲ, ಸಂಸಾರ. ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾ ನನ್ನನ್ನು ವೋಲ್ಫ್ಸ್‌ಬುರ್ಗಿನಲ್ಲಿ ಕೂರಿಸಿತು, ನನ್ನ ಗಂಡ ಸುಧೀರರನ್ನು ಹ್ಯಾಂಬರ್ಗಿನಲ್ಲಿ. ಅವರಿಗೆ ಕಾರು ಓಡಿಸಲು ಬರುವುದಿಲ್ಲ. ಹಾಗಾಗಿ ಪ್ರತಿ ಶುಕ್ರವಾರ ಮಧ್ಯಾಹ್ನ ಆರು ವರ್ಷದ ಮಗಳು ಇಳಾಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ನಾನೇ ಹೊರಡಬೇಕು. ಎರಡೂವರೆ ಗಂಟೆಯ ದಾರಿ, ಬಹುಪಾಲು ಹೈವೇ.

ಸೆಪ್ಟೆಂಬರಿನಲ್ಲಿ, ಇಲ್ಲಿ ಹಿಮ ಬೀಳುವ ಮೊದಲು ಬದಲಿಸಿಕೊಳ್ಳಬೇಕಾದ ವಿಂಟರ್ ಟೈರು ಹುಡುಕಲು ಕುಳಿತೆ. ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡುವವಳಿಗೆ ಟೈರಿನ ವಿಷಯ ಗೊತ್ತಿರಬೇಡವೇ ಎಂದು ಎಲ್ಲರೂ ಕೇಳುತ್ತಾರೆ. ನಾನು ಬರೆಯುವುದು ಸೀಟು ಬಿಸಿ ಮಾಡುವ ಸಾಫ್ಟ್‌ವೇರ್. ಕಾರಿನ ಬಗ್ಗೆ ನನಗಿರುವ ತಿಳಿವಳಿಕೆ ಸೀಟಿನಿಂದ ಕೆಳಗೆ ಇಳಿಯುವುದಿಲ್ಲ. ಇಂಟರ್ನೆಟ್ಟಿನಲ್ಲಿ ಟೈರುಗಳ ಪರೀಕ್ಷಾ ವರದಿಗಳನ್ನು ಓದಿದೆ. ಹಿಮದಲ್ಲಿ ಗಟ್ಟಿಯಾಗಿ ಹಿಡಿಯುವುದು ಒದ್ದೆ ರಸ್ತೆಯಲ್ಲಿ ಬೇಗ ನಿಲ್ಲುವುದಿಲ್ಲವಂತೆ. ಒದ್ದೆಯಲ್ಲಿ ನಿಲ್ಲುವುದು ಬೇಗ ಸವೆಯುತ್ತದಂತೆ. ಸವೆಯದ್ದು ಹೈವೇಯಲ್ಲಿ ಗುಂಯ್ ಎನ್ನುತ್ತದಂತೆ. ಪ್ರತಿ ಟೈರಿನಲ್ಲೂ ನನಗೆ ಕಂಡದ್ದು ಅದರ ಒಂದು ಕೊರತೆ. ಆ ಕೊರತೆಯ ಕೊನೆಯಲ್ಲಿ ಒಂದು ಮರ, ಮರಕ್ಕೆ ಆನಿಕೊಂಡ ನಮ್ಮ ಕಾರು.

ಆಫೀಸಿನ ಚೇತನ್, ಮಂಡ್ಯದವನು, ಒಂದೇ ಮಾತಿನಲ್ಲಿ ಮುಗಿಸಿದ. “ಅಕ್ಕಾ, ನೀವು ಓಡ್ಸೋದು ಹೈವೇಲಿ. ಅಲ್ಲಿ ಉಪ್ಪು ಹಾಕಿ ಹಿಮ ಕರಗಿಸ್ಬಿಡ್ತಾರೆ. ಒದ್ದೆ ರೋಡಲ್ಲಿ ಬ್ರೇಕ್ ಹಿಡಿಯೋದನ್ನ ತಗೊಳಿ, ಸಾಕು.”

“ಉಪ್ಪು ಹಾಕುವ ಮೊದಲೇ ನಾನು ಅಲ್ಲಿಗೆ ಹೋದರೆ?”

“ಅಯ್ಯೋ, ನಿಮ್ ಸ್ಪೀಡಿಗೆ ಉಪ್ಪಿನ ಗಾಡಿನೇ ನಿಮ್ಮನ್ನ ಓವರ್‌ಟೇಕ್ ಮಾಡುತ್ತೆ ಬಿಡಿ.”

ಅವನು ನಕ್ಕ. ನಾನು ಮನೆಗೆ ಹೋಗಿ ಇನ್ನೊಂದು ವರದಿ ತೆರೆದೆ. ಹೀಗೆ ಅಕ್ಟೋಬರ್ ಮುಗಿಯಿತು. ಕೊನೆಗೂ ಎರಡು ಟೈರುಗಳ ನಡುವೆ ಬಂದು ನಿಲ್ಲುವ ಹೊತ್ತಿಗೆ ಊರಿನ ಯಾವ ವರ್ಕ್‌ಶಾಪಿನಲ್ಲೂ ಟೆರ್ಮಿನ್, ಅಂದರೆ ಮುಂಗಡ ಸಮಯ, ಸಿಗಲಿಲ್ಲ. ಮೂರು ವಾರ ಕಾಯಿರಿ ಎಂದರು.

ನವೆಂಬರಿನ ಆ ಶುಕ್ರವಾರ ಹೊರಡುವಾಗ ಬರೀ ಮೋಡವಿತ್ತು. ಅರ್ಧ ದಾರಿ ದಾಟಿದ ಮೇಲೆ ಹಿಮ ಶುರುವಾಯಿತು. ಹತ್ತು ನಿಮಿಷದಲ್ಲಿ ರಸ್ತೆಯ ಬಿಳಿ ಗೆರೆಗಳು ಮಾಯವಾದವು. ವೈಪರು ಗಾಜಿನ ಮೇಲೆ ಹಿಮವನ್ನು ಆಚೆಗೊಮ್ಮೆ ಈಚೆಗೊಮ್ಮೆ ತಳ್ಳುತ್ತಿತ್ತು. ನನ್ನ ಕಾರಿನ ಕಾಲಲ್ಲಿ ಇನ್ನೂ ಬೇಸಿಗೆಯ ಟೈರು. ಹಿಮದಲ್ಲಿ ಅದರ ಮೇಲೆ ಕಾರು ಓಡಿಸುವುದು ಇಲ್ಲಿ ಕಾನೂನಿಗೂ ವಿರುದ್ಧ. ಹಾಗಾಗಿ ಸಾವಿನ ಭಯದ ಜೊತೆಗೆ ಪೊಲೀಸರ ಭಯವೂ ಸೇರಿಕೊಂಡಿತು. ಮುಂದೆ ಒಂದು ದೊಡ್ಡ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ಅದನ್ನೇ ಹಿಡಿದುಕೊಂಡು ನಲವತ್ತರಲ್ಲಿ ಹೋದೆ. ಒಮ್ಮೆ ಲಾರಿ ನಿಧಾನಿಸಿದಾಗ ಬ್ರೇಕ್ ಒತ್ತಿದೆ. ಪೆಡಲ್ ಪಾದದಡಿ ಗಡಗಡ ನಡುಗಿತು. ಕಾರು ಮಾತ್ರ ನಿಲ್ಲದೆ, ಸದ್ದಿಲ್ಲದೆ, ಮುಂದಕ್ಕೆ ಜಾರಿತು. ಲಾರಿಯ ಹಿಂಬಾಗಿಲಿನ ಬೀಗ ಕಾಣುವಷ್ಟು ಹತ್ತಿರ ಹೋಗಿ ನಿಂತಿತು. ಹಿಂದೆ ತಿರುಗಿ ಇಳಾಳನ್ನು ನೋಡುವ ಧೈರ್ಯ ಬರಲಿಲ್ಲ. ಟೈರು ಆರಿಸಲು ಎರಡು ತಿಂಗಳು ತೆಗೆದುಕೊಂಡ ತಾಯಿ ಎಂಬ ಮಾತು ಎದೆಯಲ್ಲಿ ಕುಟ್ಟುತ್ತಿತ್ತು.

ಮುಂದಿನ ಎಕ್ಸಿಟ್‌ನಲ್ಲಿ ಹೊರಬಿದ್ದೆ. ಸಣ್ಣ ಊರು. ದೀಪ ಉರಿಯುತ್ತಿದ್ದ ವರ್ಕ್‌ಶಾಪೊಂದರ ಮುಂದೆ ಕಾರು ತಾನಾಗಿಯೇ ಜಾರಿ ನಿಂತಿತು. ಅದನ್ನು ನಡೆಸುತ್ತಿದ್ದವರು ಅರುವತ್ತು ದಾಟಿದ ಹೆಂಗಸು. ಕಾರನ್ನು, ಆಮೇಲೆ ನನ್ನ ಮುಖವನ್ನು ನೋಡಿ, ಒಳಗೆ ಹೋಗಿ ಟೈರು ಉರುಳಿಸಿಕೊಂಡು ಬಂದರು. ಯಾರೋ ತರಿಸಲು ಹೇಳಿ, ಒಯ್ಯಲು ಬಾರದೆ ಬಿಟ್ಟ ನಾಲ್ಕು ಟೈರು. ಹೆಸರು ನೋಡಿದೆ, ನಾನು ಓದಿದ ಯಾವ ವರದಿಯಲ್ಲೂ ಅದು ಇರಲಿಲ್ಲ.

ನನ್ನ ಬಾಯಿ ಸುಮ್ಮನಿರಬೇಕಲ್ಲ! “ಒದ್ದೆ ರಸ್ತೆಯಲ್ಲಿ ಇದರ ಬ್ರೇಕ್ ಹೇಗೆ? ಹೈವೇಯಲ್ಲಿ ಸದ್ದು ಮಾಡುತ್ತದೆಯೇ?” ಎಂದೆ.

ಆಕೆ ಕೈ ಒರೆಸಿಕೊಂಡರು. “ನಿಮ್ಮ ಅಳತೆಯದು ಇದೊಂದೇ ಇದೆ. ಐದಕ್ಕೆ ನಾನು ಬಾಗಿಲು ಹಾಕುತ್ತೇನೆ.”

ಎರಡು ತಿಂಗಳ ಅಧ್ಯಯನ ಅರ್ಧ ನಿಮಿಷದಲ್ಲಿ ಮುಗಿಯಿತು. ಹಾಕಿಸಿಕೊಂಡು ಮತ್ತೆ ಹೈವೇಗೆ ಇಳಿದಾಗ ಟೈರು ಗುಂಯ್ ಎನ್ನುತ್ತಿತ್ತು, ನಿಜ. ಆದರೆ ಬ್ರೇಕ್ ಒತ್ತಿದಲ್ಲಿ ನಿಂತಿತು. ಆ ಸದ್ದಿನಷ್ಟು ಇಂಪಾದದ್ದನ್ನು ನಾನು ಕೇಳಿಲ್ಲ.

ಹ್ಯಾಂಬರ್ಗಿನಲ್ಲಿ ಸುಧೀರ್ ಬಾಗಿಲಲ್ಲೇ ನಿಂತಿದ್ದರು. “ಹೆದರಿಕೆ ಆಯ್ತಾ ಮಾರಾಯ್ತಿ?”

“ಎಂತ ಹೆದರಿಕೆ? ಸ್ವಲ್ಪ ಹಿಮ, ಅಷ್ಟೆ,” ಎಂದು ಕೋಟು ಕಳಚಿದೆ.

ಬೂಟು ಬಿಚ್ಚುತ್ತಿದ್ದ ಇಳಾ ಜರ್ಮನ್ನಿನಲ್ಲಿ, ಅಮ್ಮ ಮುಂದಿನ ಲಾರಿಯ ಜೊತೆ ಮಾತಾಡುತ್ತಿದ್ದಳು ಎಂದಳು. ಈ ವಿಷಯವನ್ನು ನಾನು ಓದುತ್ತಿರುವ ನಿಮಗೂ ಹೇಳಿರಲಿಲ್ಲ.

“ಲಾರಿಯ ಹತ್ತಿರವಾ? ಎಂತ ಹೇಳಿದಳು?” ಎಂದರು ಸುಧೀರ್.

ನಾವು ಎಷ್ಟು ಹೆಣಗಿದರೂ ಕನ್ನಡದಲ್ಲಿ ಒಂದು ಪೂರ್ತಿ ವಾಕ್ಯ ಆಡದಿದ್ದ ಮಗು, ಎರಡೂ ಕೈ ಜೋಡಿಸಿ, ಒಂದಕ್ಷರ ತಪ್ಪದೆ ಒಪ್ಪಿಸಿತು: “ಅಣ್ಣಾ, ದಮ್ಮಯ್ಯ, ನಮ್ಮನ್ನು ಬಿಟ್ಟು ಹೋಗ್ಬೇಡಿ ಮಾರಾಯ್ರೆ!”

ದನಿಯ ನಡುಕವೂ ನನ್ನದೇ.