ನಾಲ್ಕು ಬ್ರೆಡ್ಡಿನ ಕಾಯಿಲೆ

ಧರ್ಣಪ್ಪ ಮಾಸ್ತರರ ಕೈಚೀಲ ಇನ್ನೊಂದು ಗೇಣು ಉದ್ದ ಇದ್ದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಇರಲಿಲ್ಲ, ಏನು ಮಾಡುವುದು! ಅವರು ಹನೀಫಾನ ಬೇಕರಿಯಿಂದ ಹೊರಗೆ ಬಂದಾಗ ಚೀಲದ ಬಾಯಿಯಿಂದ ನಾಲ್ಕು ಬ್ರೆಡ್ಡುಗಳು ತಲೆ ಹೊರಗೆ ಹಾಕಿ ಬಂಟವಾಳ ಪೇಟೆಯನ್ನು ನೋಡುತ್ತಿದ್ದವು.

ಅವು ನಿನ್ನೆಯ ಬ್ರೆಡ್ಡುಗಳು. "ಅರ್ಧ ಕ್ರಯಕ್ಕೆ ಕೊಡ್ತೇನೆ ಮಾಸ್ಟ್ರೆ. ಚಾದಲ್ಲಿ ಮುಳುಗಿಸಿದ ಮೇಲೆ ನಿನ್ನೆಯದ್ದೇನು, ಇವತ್ತಿನದ್ದೇನು?" ಎಂದಿದ್ದ ಹನೀಫಾ. ಮಾಸ್ತರರಿಗೆ ಅಂದು ಖುಷಿಯ ದಿನ. ಆರು ವರ್ಷ ನೆರಿಯದ ಕಾಡಂಚಿನ ಶಾಲೆಯಲ್ಲಿ ಕೊಳೆತ ಮೇಲೆ ಹೆದ್ದಾರಿ ಬದಿಯ ಫರಂಗಿಪೇಟೆಗೆ ವರ್ಗವಾಗುವುದರಲ್ಲಿತ್ತು. ಆರ್ಡರು ಟೈಪಾಗಿದೆ, ಸಹಿಯೊಂದು ಬಾಕಿ, ಬಂದು ಕೈಯಲ್ಲೇ ತೆಗೆದುಕೊಂಡು ಹೋಗಿ ಎಂದು ಶಾಲಾ ಇನ್‌ಸ್ಪೆಕ್ಟರರ ಕಚೇರಿಯ ಗುಮಾಸ್ತ ಲೋಕನಾಥ ಕಾಗದ ಬರೆದಿದ್ದ.

ಖುಷಿ ಎಂದೆ, ಬರೀ ಖುಷಿಯಲ್ಲ. ಹೋದ ಮಳೆಗಾಲ ಅವರ ಏಳು ವರ್ಷದ ಹಿರಿಯ ಮಗಳಿಗೆ ಜ್ವರ ಏರಿ, ಬೆಳ್ತಂಗಡಿಯ ಡಾಕ್ಟರರ ಬಳಿಗೆ ಹೊತ್ತುಕೊಂಡು ಹೊರಟರೆ ಹೊಳೆ ತುಂಬಿತ್ತು. ನೀರು ಇಳಿಯಲೆಂದು ದಡದಲ್ಲಿ ಮೂರು ಗಂಟೆ ಕಾದರು. ಮಗು ಅಪ್ಪನ ಹೆಗಲ ಮೇಲೆಯೇ ತೀರಿಕೊಂಡಿತು. "ಇನ್ನೊಂದು ಮಳೆ ನಾನು ಇಲ್ಲಿ ನೋಡುವುದಿಲ್ಲ. ಉಳಿದದ್ದೊಂದನ್ನು ಎತ್ತಿಕೊಂಡು ಹೋಗ್ತೇನೆ" ಎಂದಿದ್ದಳು ಹೆಂಡತಿ ಲೋಲಾಕ್ಷಿ. ಹೇಳುವಾಗ ಅವಳು ಅಳಲಿಲ್ಲ, ಮಾಸ್ತರರಿಗೆ ಹೆದರಿಕೆಯಾದದ್ದು ಅದಕ್ಕೇ. ಈಗ ಮೇ ತಿಂಗಳು ನಡೆಯುತ್ತಿತ್ತು.

ಇನ್ನು ಬ್ರೆಡ್ಡಿನ ವಿಷಯ. ಆ ಕಾಲದಲ್ಲಿ ನಮ್ಮ ಕಡೆ ಗಟ್ಟಿಮುಟ್ಟಾದವರು ಗಂಜಿ ಉಣ್ಣುತ್ತಿದ್ದರು. ಬ್ರೆಡ್ಡು ತಿನ್ನುವವರು ಕಾಯಿಲೆಯವರು ಮಾತ್ರ. ಒಂದು ಬ್ರೆಡ್ಡು ಕೊಂಡರೆ ಜ್ವರ, ಎರಡಾದರೆ ಟೈಫಾಯಿಡು. ನಾಲ್ಕು ಬ್ರೆಡ್ಡು ಹೊತ್ತವನನ್ನು ಬಂಟವಾಳ ಅದುವರೆಗೆ ಕಂಡೇ ಇರಲಿಲ್ಲ.

ಕಚೇರಿಯ ಜಗಲಿಯಲ್ಲಿ ನೋಣಯ್ಯ ಮಾಸ್ತರರು ಕೂತಿದ್ದರು. ಅವರೂ ವರ್ಗಕ್ಕೆ ಅರ್ಜಿ ಹಾಕಿ ಬೆಂಚು ಸವೆಸುತ್ತಿದ್ದವರೇ.

"ಅಯ್ಯೋ ದೇವರೆ! ಯಾರಿಗೆ ಮಾರಾಯ್ರೆ ಹುಷಾರಿಲ್ಲದ್ದು?"

"ಯಾರಿಗೂ ಎಂತದೂ ಇಲ್ಲ."

"ಎಂತದೂ ಇಲ್ಲದೆ ನಾಲ್ಕಾ?"

ಅರ್ಧ ಕ್ರಯಕ್ಕೆ ಸಿಕ್ಕಿತು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಮಾಸ್ತರರು ತಂಗಳು ಬ್ರೆಡ್ಡು ಕೊಂಡರೆಂಬ ಸುದ್ದಿ ನೋಣಯ್ಯನ ಬಾಯಿಗೆ ಬಿದ್ದರೆ ಸಂಜೆಯೊಳಗೆ ಹೆಂಡತಿಯ ತವರು ಮೂಡುಬಿದಿರೆ ಮುಟ್ಟುತ್ತದೆ. ಹಾಳು ಮರ್ಯಾದೆ! ಧರ್ಣಪ್ಪ ಬಾಯಿ ಮುಚ್ಚಿ ಕೂತರು.

ಕೂತದ್ದೇ ತಪ್ಪಾಯಿತು. ಜ್ವರವಾದರೆ ಜ್ವರ ಎನ್ನುತ್ತಾರೆ. ಜನ ಮುಚ್ಚಿಡುವ ಕಾಯಿಲೆ ಕ್ಷಯ ಒಂದೇ. ನೋಣಯ್ಯ ಮೊದಲು ಒಂದು ಮೊಳ ಆಚೆ ಸರಿದರು, ಮತ್ತೆ ಎದ್ದೇ ನಿಂತರು. ಅರ್ಜಿ ಕೊಡಲು ಬಂದಿದ್ದ ಪದ್ಮಾಕ್ಷಿ ಟೀಚರು ಸೆರಗಿನಿಂದ ಮೂಗು ಮುಚ್ಚಿದರು. ಮಾಸ್ತರರು ನೀರು ಕೇಳಿದರೆ, ಜವಾನ ವೆಂಕಪ್ಪ ಲೋಟವನ್ನು ದೂರದಲ್ಲಿಟ್ಟು, "ಕುಡಿದು ಲೋಟ ನೀವೇ ಇಟ್ಟುಕೊಳ್ಳಿ" ಎಂದ. ಸರಕಾರದ ಲೋಟ ದಾನಕ್ಕೆ ಹೋದದ್ದು ಆ ಕಚೇರಿಯಲ್ಲಿ ಅದೇ ಮೊದಲು.

ಮೂರು ಗಂಟೆಗೆ ಲೋಕನಾಥ ಹೊರಗೆ ಬಂದು ಮಾಸ್ತರರನ್ನು ಮೂಲೆಗೆ ಕರೆದ. "ಟಿ.ಬಿ.ಯಂತೆ? ನನ್ನ ಹತ್ರ ಹೇಳ್ಬಾರದಾ?"

"ಸುಳ್ಳು ಮಾರಾಯ! ಈ ಬ್ರೆಡ್ಡು..."

"ಶ್! ಇಲ್ಲ ಅನ್ಬೇಡಿ. ನೋಣಯ್ಯನೂ ಫರಂಗಿಪೇಟೆಯನ್ನೇ ಕೇಳಿದ್ದಾನೆ, ಮೇಲಿನವರಿಂದ ಹೇಳಿಸಿದ್ದಾನೆ. ಸಾಹೇಬ್ರ ಮನಸ್ಸು ಬೆಳಿಗ್ಗೆಯಿಂದ ಅತ್ತ ಇತ್ತ ಆಗ್ತಾ ಉಂಟು. ಅವರ ತಂಗಿ ಟಿ.ಬಿ.ಯಲ್ಲೇ ಹೋದದ್ದು. ನಿಮ್ಮ ಸುದ್ದಿ ಕೇಳಿ ಒಳಗೆ ಕಣ್ಣೊರಸ್ತಾ ಇದ್ದಾರೆ. ಸುಮ್ಮನೆ ಹೂಂ ಅನ್ನಿ, ಕೆಲಸ ಆಗ್ತದೆ."

ಮಾಸ್ತರರಿಗೆ ಹೊಳೆಯ ದಡ ನೆನಪಾಯಿತು. ಒಳಗೆ ಹೋಗಿ ಹೂಂ ಎಂದರು.

"ಯಾರಿಗೆ?" ಇನ್‌ಸ್ಪೆಕ್ಟರರು ಕೇಳಿದರು.

"ಹೆಂಡತಿಗೆ ಸಾರ್."

"ಕೆಮ್ಮಿದರೆ ರಕ್ತ ಬೀಳ್ತದಾ?"

"ಸ್ವಲ್ಪ... ಬೀಳ್ತದೆ ಸಾರ್."

ಕಲ್ಲಿನ ಹಾಗೆ ಗಟ್ಟಿಮುಟ್ಟಾಗಿದ್ದ ಹೆಂಡತಿಯ ಬಾಯಲ್ಲಿ ರಕ್ತ ತರಿಸುವಾಗ ನಾಚಿಕೆಯಿಂದ ಮಾಸ್ತರರ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಸಾಹೇಬರ ಕಣ್ಣಲ್ಲೂ ಬಂತು. "ತಂಗಿಯ ವಿಷಯದಲ್ಲಿ ನಾವು ಮಾಡಿದ ತಪ್ಪು ನಿಮ್ಮ ಮನೆಯಲ್ಲಿ ಆಗಬಾರದು" ಎಂದು ಅವರು ಟೈಪಾದ ಆರ್ಡರನ್ನು ಹರಿದರು. ತಾವೇ ಕೈಯಾರೆ ಹೊಸತು ಬರೆದರು, ಸಹಿ ಹಾಕಿ ಮೊಹರು ಒತ್ತಿದರು. ಫರಂಗಿಪೇಟೆಗಿಂತ ದೊಡ್ಡ ಬಂಟವಾಳವನ್ನೇ ಕೊಟ್ಟರೋ ಏನೋ ಎಂದು ಮಾಸ್ತರರು ಆಸೆಯಿಂದ ಕಾಗದದ ಕಡೆಗೆ ಕತ್ತು ಚಾಚಿದರು.

"ಇನ್ನು ಹೆದರಬೇಡಿ. ನಾನಿರುವವರೆಗೆ ನಿಮ್ಮನ್ನು ಯಾರೂ ಅಲುಗಾಡಿಸಲಿಕ್ಕಿಲ್ಲ" ಎಂದರು ಸಾಹೇಬರು.

ಮಾಸ್ತರರು ಕೈಮುಗಿದು, ಹಿಂದೆ ಹಿಂದೆ ನಡೆದು ಹೊರಗೆ ಬಂದು, ಜಗಲಿಯ ಬೆಳಕಿಗೆ ಕಾಗದ ಹಿಡಿದು ಓದಿದರು.

"ಸದರಿ ಉಪಾಧ್ಯಾಯರ ಪತ್ನಿಯ ಕಾಯಿಲೆಯನ್ನು ಸಹಾನುಭೂತಿಯಿಂದ ಪರಿಗಣಿಸಿ, ಧೂಳು ತುಂಬಿದ ಫರಂಗಿಪೇಟೆಗೆ ಆಗಬೇಕಿದ್ದ ವರ್ಗವನ್ನು ರದ್ದುಪಡಿಸಿದೆ. ಬೆಟ್ಟದ ಶುದ್ಧ ಗಾಳಿ ರೋಗಿಗೆ ಅಗತ್ಯವಾದುದರಿಂದ ಇವರನ್ನು ಇನ್ನು ಐದು ವರ್ಷ ನೆರಿಯದಲ್ಲೇ ಮುಂದುವರಿಸತಕ್ಕದ್ದು."

ಮಾಸ್ತರರು ಹುಚ್ಚು ಹಿಡಿದವರಂತೆ ಒಳಗೆ ನುಗ್ಗಿದರು. ಲೋಕನಾಥ ಸಾಹೇಬರ ಕೋಣೆಯ ಬಾಗಿಲಿಗೆ ಅಡ್ಡ ನಿಂತ.

"ಬಿಡು! ನಿಜ ಹೇಳ್ತೇನೆ! ಅರ್ಧ ಕ್ರಯಕ್ಕೆ ಸಿಕ್ಕಿದ ತಂಗಳು ಬ್ರೆಡ್ಡು ಅಂತ ಹೇಳ್ತೇನೆ!"

"ಎಂತ ಹೇಳ್ತೀರಿ? ಸತ್ತ ತಂಗಿಯ ನೆನಪು ತೆಗೆಸಿ ಸುಳ್ಳು ಸುಳ್ಳೇ ಸಾಹೇಬ್ರನ್ನು ಅಳಿಸಿದೆ ಅಂತಲಾ? ಕೆಲಸವೇ ಹೋಗ್ತದೆ ಮಾಸ್ಟ್ರೆ. ಫರಂಗಿಪೇಟೆ ನೋಣಯ್ಯನಿಗೆ ಆಗಿ ಆಯ್ತು."

ಬೆಳ್ತಂಗಡಿಯ ಬಸ್ಸು ತುಂಬಿ ತುಳುಕುತ್ತಿತ್ತು. ಆದರೂ ಮಾಸ್ತರರ ಪಕ್ಕದ ಸೀಟು ಕೊನೆಯವರೆಗೂ ಖಾಲಿಯೇ ಇತ್ತು.

ಲೋಲಾಕ್ಷಿ ಬೆಳಿಗ್ಗೆಯೇ ಪಾತ್ರೆಗಳನ್ನು ಗೋಣಿಗೆ ತುಂಬಿ ಬಾಯಿ ಹೊಲಿದು ಇಟ್ಟಿದ್ದಳು. ಗಂಡ ಕೊಟ್ಟ ಕಾಗದವನ್ನು ಎರಡು ಸಲ ಓದಿದಳು. "ನನಗೆ ಕಾಯಿಲೆಯಾ?" ಎಂದಳು, ಅಷ್ಟೇ. ಬೈಯಲಿಲ್ಲ. ಗೋಣಿಯನ್ನೂ ಬಿಚ್ಚಲಿಲ್ಲ. ಮರುದಿನ ಬೆಳಿಗ್ಗೆ ಅದನ್ನು ಆಳಿನ ತಲೆಗೆ ಹೊರಿಸಿ, ಸಣ್ಣ ಮಗುವನ್ನು ಸೊಂಟಕ್ಕೇರಿಸಿ, ಮೂಡುಬಿದಿರೆಯ ತವರಿಗೆ ಹೊರಟೇಬಿಟ್ಟಳು. ಮಾಸ್ತರರು ಅಂಗಳದ ತುದಿಯವರೆಗೆ ಹಿಂದೆ ಹೋದರು. ಅವಳು ತಿರುಗಿ ನೋಡಲಿಲ್ಲ.

ಪಕ್ಕದ ಮನೆಯ ಸೇಸಮ್ಮ ಬೇಲಿಯ ಹತ್ತಿರ ಬಂದು, ಬಂಟವಾಳದಿಂದ ಸುದ್ದಿ ಬಂದಿದೆ ಎಂದು ಕಣ್ಣೀರು ತೆಗೆದಳು. "ಔಷಧಿಗೆ ಕಳಿಸಿದ್ದಾ, ಪಾಪ?"

ಮಾಸ್ತರರು ಹೂಂ ಎಂದರು.